ಸಪ್ಪಳವಿಲ್ಲದ ಫಟಫಟಿ

ಜೂನ್ 9, 1986, ಸೋಮವಾರ

ಹೊಸ ಗಾಡಿ ಬಂತು. ಬಂತು ಅನ್ನುವುದೇನು, ಹುಬ್ಬಳ್ಳಿಯಿಂದ ನಾನೇ ಏರಿಕೊಂಡು ಬಂದೆ. ಕೆಂಪು ಬಣ್ಣ, ಜಪಾನಿ ಎಂಜಿನ್ನು, ಒಂದೇ ಒದೆತಕ್ಕೆ ಚಾಲೂ. ಅಣ್ಣಿಗೇರಿ ದಾಟಿ ನಮ್ಮ ಶಲವಡಿಯ ದಾರಿ ಹಿಡಿದ ಮೇಲೆ ಎಂಜಿನ್ನು ಬಂದ್ ಬಿತ್ತೇನೋ ಎಂದು ನಿಲ್ಲಿಸಿ ಕಿವಿಗೊಟ್ಟು ಕೇಳಿದೆ. ನಡೆಯುತ್ತಲೇ ಇತ್ತು. ಅಷ್ಟು ಮೆತ್ತಗಿನ ಸಪ್ಪಳ.

ಅಣ್ಣಿಗೇರಿಯ ದನದ ದವಾಖಾನೆಯ ಕಂಪೌಂಡರನಿಗೆ ಇಂಥ ಗಾಡಿ ಯಾಕೆ ಎಂದು ನಮ್ಮ ಸಾಹೇಬರು ಕೇಳಿಯಾರು. ಕೇಳಲಿ. ಹೋದ ತಿಂಗಳು ನವಲಗುಂದದ ಮೀಟಿಂಗ್ ಮುಗಿಸಿ ಹೊರಗೆ ಬಂದಾಗ, ಹೊಸದಾಗಿ ನೌಕರಿಗೆ ಸೇರಿದ ಹುಡುಗ ಡಾಕ್ಟರುಗಳ ಎದುರೇ ಹಳೆ ಫಟಫಟಿ ಮೊಂಡು ಹಿಡಿಯಿತು. ಆಫೀಸಿನ ಇಬ್ಬರು ಸಿಪಾಯಿಗಳು ಹಿಂದಿನಿಂದ ದಬ್ಬಿದರು, ನಾನು ಓಡುತ್ತ ಓಡುತ್ತ ಏರಿದೆ, ಒಂದು ಚಪ್ಪಲಿ ಅಲ್ಲೇ ಉಳಿಯಿತು. ಅವರೆಲ್ಲ ನಕ್ಕರು. ಚಪ್ಪಲಿಗೆಂದು ತಿರುಗಿ ಹೋಗುವ ಧೈರ್ಯವೂ ಆಗಲಿಲ್ಲ. ಇನ್ನು ಯಾರ ಮುಂದೂ ತಲೆ ತಗ್ಗಿಸುವ ಪ್ರಸಂಗ ಬರುವುದಿಲ್ಲ.

ಹಳೆಯದನ್ನು ಅಂಗಡಿಯವರೇ ಇಟ್ಟುಕೊಂಡರು. ಅಪ್ಪ ತಂದ ಗಾಡಿ ಅದು. ಅವ್ವ ನಿನ್ನೆಯಿಂದ ಒಂದೇ ಹಟ: "ಎತ್ತು ಮಾರಿದರ ಹಗ್ಗ ಕೊಡಬಾರದೋ. ಹಗ್ಗದ ಸಂಗಾಟ ಲಕ್ಷ್ಮಿ ಹೋಗತಾಳ." ಫಟಫಟಿಗೆ ಎಲ್ಲಿಯ ಹಗ್ಗ? ಕೊನೆಗೆ ಹ್ಯಾಂಡಲ್ಲಿನ ಒಂದು ರಬ್ಬರು ಕಿತ್ತು ತಂದುಕೊಟ್ಟೆ. ಅಂಗಡಿಯ ಹುಡುಗ ನಕ್ಕ. ಅವ್ವ ಅದಕ್ಕೆ ವಿಭೂತಿ ಹಚ್ಚಿ ಗೋಡೆಯ ಮಾಡದಲ್ಲಿಟ್ಟಿದ್ದಾಳೆ.

ಜೂನ್ 10, ಮಂಗಳವಾರ

ಬೆಳಿಗ್ಗೆ ತಮಾಷೆಯಾಯಿತು. ಬಾಜೂ ಮನೆಯ ಬಾಷಾಸಾಬ ಲುಂಗಿ ಎತ್ತಿ ಕಟ್ಟಿಕೊಂಡು, ನಿತ್ಯದಂತೆ, ನಮ್ಮ ಕಟ್ಟೆಯ ಮುಂದೆ ಬಂದು ನಿಂತ. ಇಷ್ಟು ವರ್ಷ ಹಳೆ ಫಟಫಟಿಯನ್ನು ದಬ್ಬಿ ಚಾಲೂ ಮಾಡಿಸಿದವನು ಅವನೇ. ದಬ್ಬಿದ ಮೇಲೆ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಹಿಂದೆ ಕೂತು ಅಣ್ಣಿಗೇರಿತನಕ ಬರುತ್ತಿದ್ದ. ಅಲ್ಲಿ ಮನೆಮನೆ ತಿರುಗಿ ಗಾದಿ ಹೊಲಿಯುವುದು ಅವನ ಕಸುಬು. ಹೀಗೆ ಅಂತ ನಾವು ಮಾತಾಡಿಕೊಂಡದ್ದಲ್ಲ, ತಾನೇ ರೂಢಿಯಾದದ್ದು.

"ದಬ್ಬಲೇನ್ರಿ ಡಾಕ್ಟರ್ರ?"

ಊರಿಗೆಲ್ಲ ನಾನು ಡಾಕ್ಟರೇ. ತಿದ್ದುವ ಗೋಜಿಗೆ ನಾನೂ ಹೋಗಿಲ್ಲ.

"ಬ್ಯಾಡೋ. ಇದಕ್ಕ ದಬ್ಬೂ ಮಂದಿ ಬೇಕಾಗೂದಿಲ್ಲ" ಎಂದು ಒಂದು ಸಲ ಒದ್ದೆ. ಚಾಲೂ ಆಯಿತು. ಅವನು ಮುಂದೆ ಚಾಚಿದ್ದ ಎರಡು ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಸೀಟು ಒರೆಸಿದ.

"ಅಗದಿ ಚೊಲೋ ಆತು ಬಿಡ್ರಿ. ನನ್ನ ನೌಕರಿ ಹೋತು" ಎಂದು ನಕ್ಕ.

ಅವನ ಹೆಂಡತಿ ಜೈನಬಿ ಬಾಗಿಲಲ್ಲಿ ನಿಂತಿದ್ದಳು. "ಇದರ ಸಪ್ಪಳನ ಇಲ್ಲಲ್ರೀ ಅಣ್ಣಾ. ನೀವು ಮನಿಗೆ ಬಂದದ್ದು ಹೋದದ್ದು ನಮಗ ಹ್ಯಾಂಗ ತಿಳೀಬೇಕು?" ಎಂದಳು. ತವರಿನಲ್ಲಿ ಯಾರೂ ಉಳಿಯದ ಹೆಣ್ಣು ಅದು. ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ನನ್ನನ್ನು ಅಣ್ಣಾ ಎನ್ನುತ್ತಾಳೆ.

ಬಾಷಾಸಾಬನನ್ನು ಹಿಂದೆ ಕೂಡಿಸಿಕೊಂಡೇ ಹೋದೆ. ಹಳೆಯದರ ಮೇಲೆ ಇಬ್ಬರೂ ಕೂಗಿ ಮಾತಾಡುತ್ತಿದ್ದೆವು. ಇಂದು ಮೆತ್ತಗೆ ಮಾತಾಡಿದರೂ ಕೇಳುತ್ತಿತ್ತು. ಆದರೆ ಏನು ಮಾತಾಡುವುದೋ ಇಬ್ಬರಿಗೂ ತೋಚಲಿಲ್ಲ.

ಜೂನ್ 13, ಶುಕ್ರವಾರ

ಗೀರು ಬಿತ್ತು. ಗಾಡಿ ಬಂದು ವಾರ ತುಂಬಿಲ್ಲ.

ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ಬಾಷಾಸಾಬ ಇಳಿಯುವಾಗ ಅವನ ಬಿಲ್ಲಿನ ತುದಿ ಪೆಟ್ರೋಲ್ ಟಾಕಿಗೆ ಉಜ್ಜಿತು. ಚಹಾದಂಗಡಿಯ ಮುಂದೆ ನಮ್ಮೂರ ದೊಡ್ಡ ಕಮತದ ಹೊಳೆಪ್ಪ ಕೂತಿದ್ದ, ಸುತ್ತಲೂ ನಾಲ್ಕು ಜನ. "ಏನ್ರಿ, ಹೊಸಾ ಗಾಡಿಗೆ ಆಗಲೇ ಮುದ್ರಿ ಬಿತ್ತು" ಎಂದ. ನನಗೆ ನೆತ್ತಿಗೇರಿತು.

"ಲೇ ಬಾಷಾ, ಕಣ್ಣು ಕಾಣಸೂದಿಲ್ಲೇನು? ಇದೇನು ನಿನ್ನ ಗಾದಿ ಹೇರೂ ಚಕ್ಕಡಿ ಅಂತ ತಿಳಿದಿಯಾ? ನಾಳಿಂದ ಬಸ್ಸಿಗೆ ಬಾ."

ಚಹಾದಂಗಡಿಯವರು ನಕ್ಕರು. ಬಾಷಾಸಾಬ ಹೆಗಲ ಮೇಲಿನ ಟವೆಲ್ಲಿನ ಚುಂಗಿಗೆ ಉಗುಳು ಹಚ್ಚಿ ಆ ಗೀರನ್ನು ತಿಕ್ಕಿ ತಿಕ್ಕಿ ನೋಡಿದ. ಹೋಗಲಿಲ್ಲ. "ತಪ್ಪಾತ್ರಿ" ಎಂದು ಬಿಲ್ಲು ಹೊತ್ತು ಹೊರಟ.

ನೋಡಿದರೆ ಉಗುರಿನಷ್ಟು ಉದ್ದದ ಗೀರು.

ಜೂನ್ 14, ಶನಿವಾರ

ಮಾತು ಸ್ವಲ್ಪ ಹೆಚ್ಚಾಯಿತು ಅನಿಸುತ್ತದೆ. ಆದರೆ ಹೊಸ ವಸ್ತುವಿಗೆ ಪೆಟ್ಟಾದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅವನ ಬಿಲ್ಲನ್ನು ನಾನು ಮುರಿದಿದ್ದರೆ ಅವನು ಸುಮ್ಮನಿರುತ್ತಿದ್ದನೆ?

ಸುಮ್ಮನೇ ಇರುತ್ತಿದ್ದ. ಅದೇ ಕಷ್ಟ.

ಇಂದು ನಾನು ಏಳುವ ಮೊದಲೇ ಬಸ್ಸಿಗೆ ಹೋಗಿದ್ದಾನೆ. ಮನೆತನಕ ಬಂದರೆ "ಸಿಟ್ಟಿನಾಗ ಅಂದೆ" ಎಂದು ಹೇಳಿಬಿಡುವವನಿದ್ದೆ. ಬರಲಿಲ್ಲ. ನಾನಾಗಿ ಅವನ ಬಾಗಿಲಿಗೆ ಹೋಗಿ ಹೇಳುವಂಥ ದೊಡ್ಡ ಮಾತೇನೂ ಅಲ್ಲ ಅದು.

ಜೂನ್ 22, ರವಿವಾರ, ಕಾರಹುಣ್ಣಿಮೆ

ಊರಲ್ಲೆಲ್ಲ ಎತ್ತುಗಳಿಗೆ ಬಣ್ಣ, ಕೋಡಿಗೆ ಗೊಂಡೆ. ಹೆಂಡತಿ ರೇವವ್ವ ಗಾಡಿಗೂ ಒಂದು ಗೊಂಡೆ ಕಟ್ಟಿ ಆರತಿ ಮಾಡಿದಳು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ನಾನೂ ದಿನಾ ಎರಡು ಸಲ ಗಾಡಿ ಒರೆಸುತ್ತಿದ್ದೇನೆ.

ಆರತಿ ಮುಗಿಸಿ ರೇವವ್ವ ಕೇಳಿದಳು: "ಬಾಷಾಣ್ಣ ಈಗ ನಿಮ್ಮ ಗಾಡಿ ಮ್ಯಾಲೆ ಯಾಕ ಬರವಲ್ಲ?"

"ಅವಗ ಮುಂಜಾನೆ ಲಗೂನ ಹೋಗೂದಿರತೈತಿ."

"ಮೊದಲೂ ಇರತಿತ್ತಲ್ಲ?"

ಹೋಳಿಗೆಗೆ ತುಪ್ಪ ಕೇಳಿ ಮಾತು ತಪ್ಪಿಸಿದೆ. ತುಪ್ಪವೂ ಜೈನಬಿಯ ಎಮ್ಮೆಯ ಬೆಣ್ಣೆಯದೇ. ತಿಂದೆ.

ಜುಲೈ 3, ಗುರುವಾರ

ಒಂದು ಉಪಾಯ ಕಂಡುಕೊಂಡಿದ್ದೇನೆ. ಗಾಡಿಯನ್ನು ಮನೆ ಮುಂದೆ ಚಾಲೂ ಮಾಡುವುದೇ ಇಲ್ಲ. ಹನಮಪ್ಪನ ಗುಡಿಯ ಮೂಲೆತನಕ ಕೈಯಿಂದ ನೂಕಿಕೊಂಡು ಹೋಗಿ ಅಲ್ಲಿ ಒದೆಯುತ್ತೇನೆ. ಬರುವಾಗಲೂ ಅಷ್ಟೆ, ಗುಡಿ ಹತ್ತಿರ ಬಂದ್ ಮಾಡಿ ಉರುಳಿಸಿಕೊಂಡು ಬರುತ್ತೇನೆ. ತಂಪು ಎಂಜಿನ್ನನ್ನು ಒಮ್ಮೆಲೇ ಒದೆಯಬಾರದಂತೆ. ಪೆಟ್ರೋಲೂ ಉಳಿಯುತ್ತದೆ.

ಇದು ನಾನು ರೇವವ್ವನಿಗೆ ಹೇಳಿದ್ದು. ಈ ಡೈರಿ ಓದುವವರು ಯಾರೂ ಇಲ್ಲವಾದ್ದರಿಂದ ಖರೆ ಬರೆಯುತ್ತೇನೆ. ಚಾಲೂ ಮಾಡಿದರೆ ಬಾಷಾಸಾಬನೋ ಜೈನಬಿಯೋ ಹೊರಗೆ ಬರುತ್ತಾರೆ. ಬಂದರೆ ಮುಖ ನೋಡಬೇಕು. ನೋಡಿದರೆ ಗಾಡಿ ಹತ್ತು ಅನ್ನಬೇಕು. ಅಂದರೆ ಅವನು "ಬ್ಯಾಡ್ರಿ, ಬಸ್ಸಿಗೆ ಹೋಗತೇನಿ" ಅನ್ನುತ್ತಾನೆ, ಅದೂ ನಗುತ್ತಲೇ. ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ನೂಕುವುದು ಸುಲಭ.

ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. "ದಬ್ಬೂದು ತಪ್ಪಲಿ ಅಂತ ಹೊಸಾದು ತಂದಿ. ಈಗ ನೀನ ದಬ್ಬಾಕತ್ತೀಯಲ್ಲೋ ತಮ್ಮಾ" ಎಂದಳು. ಈ ಮುದುಕಿಗೆ ಕಣ್ಣು ಮಂಜು ಎಂದವರು ಯಾರು?

ಜುಲೈ 18, ಶುಕ್ರವಾರ

ಜೈನಬಿ ಹಿತ್ತಲ ಗೋಡೆಯಾಚೆಯಿಂದ ರೇವವ್ವನನ್ನು ಕೇಳಿದಳಂತೆ: "ಅಣ್ಣಾ ಇತ್ತೀಚಿಗೆ ಊರಾಗ ಇರೂದಿಲ್ಲೇನ್ರಿ ವೈನಿ? ನಮ್ಮ ಎಮ್ಮಿ ತುಂಬಿದ್ದೈತಿ. ಒಮ್ಮಿ ಹೊಟ್ಟಿ ಮುಟ್ಟಿ ನೋಡಿದ್ದರ ಚೊಲೋ ಆಗತಿತ್ತು."

ಬರುತ್ತೇನೆಂದು ಹೇಳು ಎಂದೆ. ಹೋಗಬೇಕು. ಬಾಷಾಸಾಬ ಮನೆಯಲ್ಲಿಲ್ಲದಾಗ ಹೋದರೆ ಕದ್ದು ಹೋದಂತಾಗುತ್ತದೆ, ಇದ್ದಾಗ ಹೋಗುವುದು ಹೇಗೋ ಗೊತ್ತಿಲ್ಲ. ಆಷಾಢ ಮುಗಿಯಲಿ.

ಆಗಸ್ಟ್ 8, ಶುಕ್ರವಾರ

ಪಂಚಮಿಗೆ ರೇವವ್ವ ತವರಿಗೆ, ಮೊರಬಕ್ಕೆ ಹೋದಳು. ಮಿಶ್ರಿಕೋಟಿಯ ನನ್ನ ತಂಗಿ ಈ ಸಲ ಬಾಣಂತಿ, ಬರುವಂತಿಲ್ಲ. ಅವ್ವನೇ ಅಲ್ಲಿಗೆ ಹೋಗಿದ್ದಾಳೆ. ಡಬ್ಬಿ ತುಂಬ ಉಂಡಿ, ಬುಟ್ಟಿ ತುಂಬ ಕಟಕ ರೊಟ್ಟಿ. ಒಬ್ಬನೇ ಇದ್ದೇನೆ. ಸುಖವಾಗಿದ್ದೇನೆ.

ಎಮ್ಮೆಯನ್ನು ಇನ್ನೂ ನೋಡಿ ಬಂದಿಲ್ಲ.

ಆಗಸ್ಟ್ 10, ರವಿವಾರ

ಬಾಷಾಸಾಬನ ಎಮ್ಮೆ ಸತ್ತಿತು.

ಆಗಸ್ಟ್ 12, ಮಂಗಳವಾರ

ನಿನ್ನೆಯೂ ಬರೆಯಲು ಕೂತೆ, ಆಗಲಿಲ್ಲ. ಇಂದು ಬರೆದೇ ತೀರುತ್ತೇನೆ. ಬರೆದರೆ ಏನು ಆಗುತ್ತದೋ ಗೊತ್ತಿಲ್ಲ.

ರವಿವಾರ ಮುಂಜಾನೆ ಮುಂಬಾಗಿಲಿಗೆ ಬೀಗ ಹಾಕಿ ಒಂದು ಹೋರಿಯ ಕಾಲು ನೋಡಲು ಪಕ್ಕದ ಹಳ್ಳಿಗೆ ಹೋಗಿದ್ದೆ. ಬೇಗ ಮುಗಿಯಿತು. ಮಧ್ಯಾಹ್ನಕ್ಕೆ ಮೊದಲೇ ಹಿಂದಿನ ಓಣಿಯಿಂದ ಗಾಡಿ ಉರುಳಿಸಿಕೊಂಡು ಬಂದು, ಹಿತ್ತಲ ಬಾಗಿಲಿನಿಂದ ಒಳಗೆ ತಂದು ನಿಲ್ಲಿಸಿದೆ. ಇತ್ತೀಚೆಗೆ ಹಾಗೆಯೇ ಮಾಡುತ್ತಿದ್ದೆ, ಹಿಂದಿನಿಂದ ಬಂದರೆ ಅವರ ಬಾಗಿಲು ದಾಟುವ ಪ್ರಶ್ನೆಯೇ ಇಲ್ಲ. ಮುಂದಿನ ಬೀಗ ಹಾಗೆಯೇ ಇತ್ತು. ಉಂಡು ಮಲಗಿದೆ. ಜೋರು ಮಳೆ ಸುರಿದು ನಿಂತಿತು.

ಎಮ್ಮೆಯ ಒದರಾಟಕ್ಕೆ ಎಚ್ಚರವಾಯಿತು. ನಡುವೆ ಒಂದೇ ಗೋಡೆ. ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೇನೆ, ಆ ದನಿ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕರು ಅಡ್ಡ ಸಿಕ್ಕಿದೆ. ಕೈ ಹಾಕಿ ಸರಿಪಡಿಸಿದರೆ ಬರುತ್ತದೆ, ತಡ ಮಾಡಿದರೆ ಎರಡೂ ಹೋಗುತ್ತವೆ.

ಎದ್ದೆ. ಅಂಗಿ ಹಾಕಿದೆ. ಅಷ್ಟರಲ್ಲಿ ಜೈನಬಿ ಗೋಡೆಯಾಚೆಯಿಂದ ಕರೆದಳು: "ಅಣ್ಣಾ, ಅದೀರೇನ್ರಿ?"

ಬಾಯಿ ತೆರೆದೆ. ಓ ಅನ್ನುವುದೊಂದೇ ಉಳಿದಿತ್ತು. ಅಷ್ಟರಲ್ಲಿ ಆಕೆಯೇ, ಪಕ್ಕದಲ್ಲಿದ್ದ ಮುದುಕಿ ರಾಜಮಾಬಿಗೆ ಹೇಳಿದಳು: "ಇಲ್ಲ ಖಾಲಾ. ಮುಂದ ಬೀಗ ಐತಿ. ಗಾಡಿ ಸಪ್ಪಳನೂ ಕೇಳಲಿಲ್ಲ. ಅಣ್ಣಾ ಇದ್ದಿದ್ದರ ಕರಿಯೂದ ಬೇಕಾಗಿರಲಿಲ್ಲ, ಎಮ್ಮಿ ದನಿ ಕೇಳಿ ತಾನ ಓಡಿ ಬರತಿದ್ದ."

ಬಾಯಿ ಮುಚ್ಚಿಕೊಂಡೆ. ಆ ಮಾತಿನ ನಂತರ ಓ ಅನ್ನುವುದು ಹೇಗೆ? ಬೀಗ ಹಾಕಿದ ಮನೆಯೊಳಗಿಂದ ಎದ್ದು ಬಂದು ನಿಂತರೆ, ಇಷ್ಟು ಹೊತ್ತು ಒಳಗೇ ಕೂತು ಕೇಳುತ್ತಿದ್ದೆನೆಂದು ತಿಳಿಯುವುದಿಲ್ಲವೆ? ದಿನಾ ಹೀಗೆಯೇ ಕಳ್ಳನಂತೆ ಓಡಾಡುತ್ತೇನೆಂದು ತಿಳಿಯುವುದಿಲ್ಲವೆ?

ಆಗ ಒಂದು ವಿಚಾರ ಬಂತು. ಬರಬಾರದಿತ್ತು. ಹಿತ್ತಲಿನಿಂದ ಗಾಡಿ ಹೊರಗೆ ತೆಗೆದು, ಹಿಂದಿನ ಓಣಿಯಿಂದ ರಸ್ತೆಗೆ ಹೋಗಿ, ಚಾಲೂ ಮಾಡಿ, ಆಗಷ್ಟೇ ಊರಿಗೆ ಬಂದವನಂತೆ ಮುಂದಿನಿಂದ ಬರುವುದು. ಎಷ್ಟು ಹೊತ್ತಿನ ಕೆಲಸ? ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು.

ಎರಿಯ ಕಪ್ಪು ಜಿಗುಟು ಮಣ್ಣಿನ ಊರಲ್ಲಿ ಹುಟ್ಟಿದವನು ನಾನು. ಮಳೆ ನಿಂತ ಮೇಲೆ ಎರಿಯಲ್ಲಿ ಗಾಲಿ ಇಳಿಸಬಾರದೆಂದು ಚಕ್ಕಡಿ ಹೊಡೆಯುವ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಹಿತ್ತಲ ಬಾಗಿಲಿನಿಂದ ಸ್ವಲ್ಪ ದೂರ ಹೋಗುವುದರಲ್ಲಿ ಗಾಲಿಗೆ ಮಣ್ಣು ಮೆತ್ತಿಕೊಂಡು ಮಡ್‌ಗಾರ್ಡಿನ ಒಳಗೆ ತುಂಬಿತು. ಮುಂದಿನ ಗಾಲಿ ತಿರುಗುವುದೇ ನಿಂತಿತು. ಹಳೆ ಫಟಫಟಿಗೆ ಮಡ್‌ಗಾರ್ಡು ಎತ್ತರವಿತ್ತು, ಮಣ್ಣು ತಾನೇ ಉದುರುತ್ತಿತ್ತು. ಇದರಲ್ಲಿ ಬೆರಳು ಹೋಗುವಷ್ಟೂ ಸಂದಿಯಿಲ್ಲ. ಬೇಲಿಯ ಕಟ್ಟಿಗೆ ಮುರಿದು ಕೆದರಿದೆ. ಎಳೆದೆ. ಮತ್ತೆ ತುಂಬಿತು, ಮತ್ತೆ ಕೆದರಿದೆ. ಎಮ್ಮೆ ಒದರುತ್ತಲೇ ಇತ್ತು.

ಗಾಡಿ ಅಲ್ಲೇ ಬಿಟ್ಟು ನಡೆದು ಹೋಗಬಹುದಿತ್ತು. ಅದು ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಕಾಲ್ನಡಿಗೆಯಲ್ಲಿ ಬಂದರೆ ಎಲ್ಲಿಂದ ಬಂದಂತಾಯಿತು? ಅದಕ್ಕೇ ಗಾಡಿಯನ್ನೇ ಎಳೆದೆ.

ಗರಸು ಹಾಕಿದ ಗಟ್ಟಿ ರಸ್ತೆ ಮುಟ್ಟುವ ಹೊತ್ತಿಗೆ ಎಮ್ಮೆ ಒದರುವುದನ್ನು ನಿಲ್ಲಿಸಿತ್ತು. ಆಮೇಲೆ ನಾನು ಏನು ಮಾಡಿದೆನೆಂದರೆ, ಓಣಿ ತುಂಬ ಹಾರ್ನ್ ಬಾರಿಸುತ್ತ ಬಂದೆ.

ಜೈನಬಿ ಓಡಿ ಬಂದಳು. ನನ್ನ ಮೊಣಕಾಲ ಮೇಲಿನತನಕ ಕೆಸರು, ಅಂಗಿಗೆ ಕೆಸರು, ಮುಖಕ್ಕೆ ಕೆಸರು. ನೋಡಿ ಅಳತೊಡಗಿದಳು. "ಎಲ್ಲಿಂದ ಹಿಂಗ ಕೆಸರಾಗ ಬಿದ್ದು ಎದ್ದು ಓಡಿ ಬಂದ್ರೀ ಅಣ್ಣಾ. ಯಾರ ಹೇಳಿದರು ನಿಮಗ?"

ನಾನು "ಬಾ, ಬಿಸಿನೀರು ತಾ" ಎಂದೆ.

ಕರುವಿನ ಕತ್ತು ಹಿಂದಕ್ಕೆ ಹೊರಳಿತ್ತು. ತೆಗೆದೆ. ಜೀವ ಇರಲಿಲ್ಲ, ಮೈ ಮಾತ್ರ ಇನ್ನೂ ಬೆಚ್ಚಗಿತ್ತು. ಎಮ್ಮೆ ಏಳಲಿಲ್ಲ. ಇದ್ದ ಸೂಜಿ ಔಷಧಿ ಎಲ್ಲ ಕೊಟ್ಟೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೂ ಹೋಯಿತು.

ಬಾಷಾಸಾಬ ಅಣ್ಣಿಗೇರಿಯಿಂದ ಬಂದದ್ದು ಆಗ. ಎಮ್ಮೆಯ ಹಣೆಯ ಮೇಲೆ ಕೈಯಿಟ್ಟು ಕೂತ. ಆಮೇಲೆ ನನ್ನ ಕಡೆ ನೋಡಿದ.

"ಎಲ್ಲಿ ಹೋಗಿದ್ರಿ ಡಾಕ್ಟರ್ರ?"

"ನವಲಗುಂದಕ್ಕ."

"ಹೌದ್ರಿ?" ಎಂದ. ಅಷ್ಟೇ. ಸತ್ತ ದನ ಒಯ್ಯುವವರನ್ನು ಕರೆಯಲು ಹಿಂದಿನ ಓಣಿಯಿಂದ ಹೋದ.

ನಾನು ಹೊರಡುವಾಗ ಜೈನಬಿ ಬೇಡವೆಂದರೂ ಕೇಳದೆ ನನ್ನ ಕಾಲಿಗೆ ನೀರು ಹಾಕಿದಳು. ಕೆಸರು ತಾನೇ ಕೈಯಿಂದ ತಿಕ್ಕಿ ತೊಳೆದಳು. ಪಂಚಮಿ, ಅಣ್ಣ ತಂಗಿಯರ ಹಬ್ಬದ ದಿನ ಅದು.

ಆಗಸ್ಟ್ 14, ಗುರುವಾರ

ಊರಲ್ಲೆಲ್ಲ ಸುದ್ದಿಯಾಗಿದೆ. ಬಾವಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ ಜೈನಬಿ ಹೇಳಿದ್ದೇ ಹೇಳಿದ್ದು: ನವಲಗುಂದದಿಂದ ಕೆಸರು ತುಳಿದು ಬಂದ ಅಣ್ಣ, ಹೊಸಾ ಗಾಡಿ ಹಾಳಾದರೂ ನೋಡದ ಅಣ್ಣ. ಇಂದು ಚಹಾದಂಗಡಿಯಲ್ಲಿ ಹೊಳೆಪ್ಪ ಎದ್ದು ನಿಂತು ಜಾಗ ಕೊಟ್ಟ. "ಸರಕಾರಿ ಮಂದಿಯಾಗ ನಿಮ್ಮಂಥವರು ಅಪರೂಪ ಬಿಡ್ರಿ" ಎಂದ. ಚಹಾ ಕೊಡಿಸಿದ.

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಗಿದೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಚಹಾ ಮಾತ್ರ ಕುಡಿದೆ.

ಆಗಸ್ಟ್ 17, ರವಿವಾರ, ಬಕ್ರೀದ

ಹಬ್ಬಕ್ಕೊಮ್ಮೆ ಜೈನಬಿ ನಮ್ಮ ಮನೆಗೆ ತಾಟಿನಲ್ಲಿ ಹಸಿ ಶಾವಿಗೆ, ಸಕ್ಕರೆ, ಗೋಡಂಬಿ, ತಂಬಿಗೆಯಲ್ಲಿ ಹಾಲು ಕೊಟ್ಟು ಹೋಗುತ್ತಾಳೆ. ಅವರು ಬೇಯಿಸಿದ್ದನ್ನು ಅವ್ವ ಉಣ್ಣುವುದಿಲ್ಲವೆಂದು ನಾವೇ ಬೇಯಿಸಿಕೊಳ್ಳಲಿ ಅಂತ. ನಾನು ಅದನ್ನು ಇಷ್ಟು ವರ್ಷ ರೂಢಿ ಎಂದು ತಿಳಿದಿದ್ದೆ. ಇಂದು ಅವಳ ಕೈಯಲ್ಲಿ ತಾಟು ನೋಡಿದಾಗ ಅದು ಎಷ್ಟು ದೊಡ್ಡ ಮರ್ಯಾದೆ ಎಂದು ತಿಳಿಯಿತು.

"ಹಾಲು ಈ ಸಲ ನಿಮ್ಮ ಮನಿಯಾಗಿಂದ ಹಾಕ್ಕೋರಿ ವೈನಿ" ಎಂದಳು ರೇವವ್ವನಿಗೆ. ನಗುತ್ತಲೇ ಹೇಳಿದಳು.

ಶಾವಿಗೆ ಪಾಯಸದ ತಾಟನ್ನು ಅರ್ಧಕ್ಕೇ ಸರಿಸಿದೆ. ಸಿಹಿ ಹೆಚ್ಚಾಗಿದೆ ಎಂದೆ. ರೇವವ್ವ ನನ್ನ ಮುಖ ನೋಡಿ, ತಾಟು ಎತ್ತಿಕೊಂಡು ಹೋದಳು. ಅವಳಿಗೆ ಏನು ಗೊತ್ತಿದೆ, ಎಷ್ಟು ಗೊತ್ತಿದೆ, ತಿಳಿಯದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಗತಿ ನನ್ನದು.

ಆಗಸ್ಟ್ 20, ಬುಧವಾರ

ಆ ರವಿವಾರದ ನಂತರ ಮಳೆಯಿಲ್ಲ, ಬಿಸಿಲು ಬಿದ್ದಿದೆ. ಊರಿಗೆಲ್ಲ ಖುಷಿ. ನನಗೆ ಇವತ್ತು ಹೊಸ ಚಿಂತೆ.

ಹಿಂದಿನ ಓಣಿಯಲ್ಲಿ ಎರಿ ಒಣಗಿ ಕಲ್ಲಾಗಿದೆ. ಅದರಲ್ಲಿ ನನ್ನ ಗಾಲಿಯ ಗುರುತು ಅಚ್ಚು ಹಾಕಿದಂತೆ ಕೂತಿದೆ. ನಮ್ಮ ಹಿತ್ತಲ ಬಾಗಿಲಿನಿಂದ ಶುರುವಾಗಿ ರಸ್ತೆತನಕ. ಪಕ್ಕದಲ್ಲಿ ನನ್ನ ಹೆಜ್ಜೆ, ಕೆದರಿ ಒಗೆದ ಮಣ್ಣಿನ ಹೆಂಟೆ. ಬರುವಾಗಿನ ಗುರುತನ್ನು ಮಳೆ ತೊಳೆದಿದೆ, ಹೋಗುವಾಗಿನದು ಮಾತ್ರ ಇದೆ. ಮಳೆ ನಿಂತ ಮೇಲೆ ಈ ಮನೆಯೊಳಗಿಂದ ಗಾಡಿ ಹೊರಗೆ ಹೋಗಿದೆ ಎಂದು ಕಣ್ಣಿದ್ದ ಯಾರೂ ಓದಬಹುದು.

ಎರಡು ಕೊಡ ನೀರು ಸುರಿದು ತುಳಿದೆ. ಮೇಲೆ ರಾಡಿಯಾಯಿತು, ಗುರುತು ಕೆಳಗೆ ಹಾಗೆಯೇ ಉಳಿಯಿತು. ಸಲಿಕೆ ಹಿಡಿದರೆ ಯಾಕೆಂದು ಕೇಳುವವರು ಹತ್ತು ಜನ. ಜೈನಬಿ ಕುಳ್ಳು ತಟ್ಟಲು ಬರುವುದು ಇದೇ ಓಣಿಗೆ. ಮನೆಯಲ್ಲಿ ಸಗಣಿ ಇಲ್ಲದ್ದರಿಂದ ಈಗ ಬರುತ್ತಿಲ್ಲ. ಹೊಳೆಪ್ಪನ ಮನೆಯವರು ಒಂದು ಬುಟ್ಟಿ ಸಗಣಿ ಕೊಡುತ್ತೇವೆ ಅಂದಿದ್ದಾರಂತೆ. ಕೊಟ್ಟರೆ ಬರುತ್ತಾಳೆ.

ಗಾಡಿಗೆ ಇನ್ನೂ ನಾಲ್ಕೆಂಟು ಗೀರು ಬಿದ್ದಿವೆಯೆಂದು ರೇವವ್ವ ಹೇಳಿದಳು. ನಾನು ನೋಡಿರಲಿಲ್ಲ.

ಆಗಸ್ಟ್ 23, ಶನಿವಾರ

ಮುಂಜಾನೆ ಹಿತ್ತಲಾಚೆ ಸಲಿಕೆಯ ಸಪ್ಪಳ ಕೇಳಿ ಹೊರಗೆ ಹೋದೆ. ಬಾಷಾಸಾಬ ಗಾಲಿಯ ಗುರುತನ್ನು ಒಡೆಯುತ್ತಿದ್ದ. ರಸ್ತೆಯ ಕಡೆಯಿಂದ ಶುರು ಮಾಡಿ ನಮ್ಮ ಹಿತ್ತಲ ಬಾಗಿಲಿನ ಹತ್ತಿರ ಬಂದಿದ್ದ. ಒಡೆದ ಮಣ್ಣನ್ನು ಕಾಲಿನಿಂದ ತುಳಿದು ಸಮ ಮಾಡುತ್ತಿದ್ದ. ಬೆವರು ಸುರಿಯುತ್ತಿತ್ತು.

"ಏನ್ ಮಾಡಾಕತ್ತೀ ಬಾಷಾ?" ಎಂದೆ. ಗೊತ್ತಿದ್ದೂ ಕೇಳಿದೆ.

"ಜೈನಬಿ ಇಂದಿಂದ ಕುಳ್ಳು ತಟ್ಟಾಕ ಬರತಾಳ್ರಿ. ಆಕಿ ಇನ್ನೂ ನೋಡಿಲ್ಲ."

ಹೊಸ್ತಿಲ ಮೇಲೆ ಕೂತೆ.

"ನೀ ಯಾವಾಗ ನೋಡಿದಿ?"

"ಆವತ್ತ ಸಂಜಿಕ. ಮಂದಿನ್ನ ಕರಿಯಾಕ ಹೋದಾಗ."

"ಮತ್ತ ನನ್ನ ಯಾಕ ಕೇಳಲಿಲ್ಲ?"

"ಕೇಳಿದ್ನೆಲ್ರೀ. ನವಲಗುಂದಕ್ಕ ಹೋಗಿದ್ದೆ ಅಂದ್ರಿ."

ಅವನು ಸಲಿಕೆ ಊರಿ ನಿಂತಿದ್ದ. ಸಿಟ್ಟು ಮಾಡಿದ್ದರೆ, ಬೈದಿದ್ದರೆ, ಆ ಸಲಿಕೆಯನ್ನೇ ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಎದ್ದು ಅವನ ಕೈ ಹಿಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಆಡಿದ ಮಾತಿನಿಂದ ಹಿಡಿದು ಬಾಯಿಗೆ ಬಂದದ್ದೆಲ್ಲ ಹೇಳಿದೆ: ನಾಚಿಕೆಯಾಗಿತ್ತು, ನಿನ್ನ ಮುಖ ನೋಡಲು ಆಗಲಿಲ್ಲ, ಅದಕ್ಕೇ ಹಿಂದಿನಿಂದ ಓಡಾಡಿದೆ, ಅವಳು ಕರೆದದ್ದು ಕೇಳಿತ್ತು. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಈಗ ಬರತೇನಿ, ಜೈನಬಿಗೂ ಹೇಳಿಬಿಡತೇನಿ. ಆಕಿ ಊರ ತುಂಬ ನನ್ನ ಹೊಗಳಾಕತ್ತಾಳ. ನನಗ ತಡಕೊಳ್ಳಾಕ ಆಗವಲ್ದು" ಎಂದೆ.

"ಹೇಳಿದರ ನಿಮಗ ಹಗರ ಆಗತೈತ್ರಿ. ಆಕಿಗೆ?"

ನಾನು ಅವನ ಕೈ ಬಿಟ್ಟೆ.

"ಎಮ್ಮಿ ಹೋತು. ಇನ್ನೊಂದು ಎಂದಾರ ಕಟ್ಟೇವು" ಎಂದ. "ಅಣ್ಣ ಹೋದರ ಆಕಿಗೆ ಎಲ್ಲಿಂದ ತರಲ್ರಿ? ಆಕಿ ಹೇಳಿದ್ದನ್ನ ನೀವು ಸುಮ್ಮನ ಕೇಳಿಸಿಕೋರಿ. ಅಷ್ಟ ಮಾಡ್ರಿ ಸಾಕು."

ಸಲಿಕೆ ನನಗೆ ಕೊಡು, ಉಳಿದದ್ದನ್ನು ನಾನು ಮಾಡುತ್ತೇನೆ ಎಂದೆ. ಕೊಡಲಿಲ್ಲ. ನಮ್ಮ ಹೊಸ್ತಿಲ ತನಕ ಅವನೇ ಒಡೆದು ತುಳಿದು ಸಮ ಮಾಡಿದ. ಆಮೇಲೆ ಹೆಗಲ ಮೇಲೆ ಸಲಿಕೆ ಹೊತ್ತು, ತಲೆ ಬಗ್ಗಿಸಿ, ತನ್ನ ಹಿತ್ತಲ ಬಾಗಿಲಿನಿಂದ ಒಳಗೆ ಹೋದ. ಡಾಕ್ಟರ್ರ ಎಂದು ಒಮ್ಮೆಯೂ ಕರೆಯಲಿಲ್ಲ ಎನ್ನುವುದು ನನಗೆ ಹೊಳೆದದ್ದು ಅವನು ಹೋದ ಮೇಲೆ.

ಆಗಸ್ಟ್ 25, ಸೋಮವಾರ

ಗಾಡಿಯನ್ನು ಮನೆ ಮುಂದೆಯೇ ನಿಲ್ಲಿಸಿ ಚಾಲೂ ಮಾಡಿದೆ. ಕೇಳಲೆಂದು ಹಾರ್ನ್ ಕೂಡ ಹೊಡೆದೆ. ಬಾಷಾಸಾಬ ಅದಾಗಲೇ ಬಸ್ಸಿಗೆ ಹೋಗಿದ್ದ.

ಜೈನಬಿ ಹೊರಗೆ ಬಂದಳು, ಕೈಯೆಲ್ಲ ಸಗಣಿ. ಅವಳ ಹಿಂದೆ ಪರವೂರಿನ ಹೆಂಗಸೊಬ್ಬಳು, ಬಾಷಾಸಾಬನ ದೂರದ ಸಂಬಂಧಿಯಂತೆ, ಹೆಸರು ಖಾದರಬಿ.

"ನಾ ಹೇಳತಿದ್ನೆಲ್ಲ, ಕೆಸರಾಗ ಓಡಿ ಬಂದ ಅಣ್ಣಾ, ಇವರ ನೋಡ್ರಿ" ಎಂದಳು ಜೈನಬಿ.

ಆ ಹೆಂಗಸು ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ನನಗೆ ಕೈ ಮುಗಿದಳು. ಎಂಜಿನ್ನು ಬಂದ್ ಮಾಡಿ, ಇಳಿದು, ನಾನೂ ಕೈ ಮುಗಿದೆ.